ಕಂಟ್ರೋಲರ್ ಕೊಳ್ಳುವ ಮುನ್ನ: ಮೊದಲು ಸ್ಟಿಕ್ ನೋಡಿ, ಕಂಪನ ಆಮೇಲೆ

ಗೇಮ್ ಕಂಟ್ರೋಲರ್ ವಿಚಾರದಲ್ಲಿ ಇತ್ತೀಚೆಗೆ ಮೂವರು ನನ್ನ ಸಲಹೆ ಕೇಳಿದರು. ಒಬ್ಬ ಹಾಸ್ಟೆಲ್‌ನಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. ಲ್ಯಾಪ್‌ಟಾಪ್‌ನಲ್ಲಿ ಫುಟ್‌ಬಾಲ್ ಗೇಮ್ ಆಡುತ್ತಾನೆ, ಕೈಯಲ್ಲಿರುವುದು ಮೂರು ಸಾವಿರ. ಇನ್ನೊಬ್ಬರು ಮಗಳಿಗೆ ಪಿಎಸ್5 (ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5) ಕೊಡಿಸಿದ ತಂದೆ. ಎರಡನೆಯ ಕಂಟ್ರೋಲರ್‌ಗೆ ಮತ್ತೆ ಆರು ಸಾವಿರ ಸುರಿಯಬೇಕೆ ಎಂಬುದು ಅವರ ಚಿಂತೆ. ಮೂರನೆಯವರು ನನ್ನ ಹಳೆಯ ಸಹೋದ್ಯೋಗಿ. ಬೈಕ್ ಅಪಘಾತವಾದ ಮೇಲೆ ಅವರ ಬಲಗೈ ಬೆರಳುಗಳಲ್ಲಿ ಮೊದಲಿನ ಕಸುವಿಲ್ಲ, ಆದರೆ ಆಡುವ ಆಸೆ ಹೋಗಿಲ್ಲ. ಮೂವರ ಬಾಯಲ್ಲೂ ಅವೇ ಪದಗಳು: ಹ್ಯಾಪ್ಟಿಕ್, ಅಡಾಪ್ಟಿವ್ ಟ್ರಿಗರ್, ಹಾಲ್ ಎಫೆಕ್ಟ್, ಟಿಎಂಆರ್, ಗೈರೊ. ಇವುಗಳಲ್ಲಿ ಯಾವುದು ನಿಜಕ್ಕೂ ಬೇಕು, ಯಾವುದಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ ಎಂಬುದು ಮೂವರಿಗೂ ತಿಳಿದಿರಲಿಲ್ಲ.

ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ತೂಗಿದ ತಕ್ಕಡಿ ಮಾತ್ರ ಒಂದೇ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಏನನ್ನು ನೋಡಬೇಕು

ಎಲ್ಲಕ್ಕಿಂತ ಮೊದಲು, ಕಂಟ್ರೋಲರನ್ನು ಯಾವುದಕ್ಕೆ ಜೋಡಿಸುತ್ತೀರಿ? ಇದನ್ನು ಮರೆತು ದುಡ್ಡು ಕಳೆದುಕೊಂಡವರನ್ನು ನಾನು ಹೆಚ್ಚು ನೋಡಿದ್ದೇನೆ. ಪಿಎಸ್5ಗಾಗಿಯೇ ಬಂದ ಆಟಗಳಿಗೆ ಅದರ ಜೊತೆಗೇ ಬರುವ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಅಥವಾ ಸೋನಿಯ ಪರವಾನಗಿ ಪಡೆದ ಕಂಟ್ರೋಲರೇ ಬೇಕು. ಮನೆಯಲ್ಲಿರುವ ಹಳೆಯ ಪಿಎಸ್4 ಕಂಟ್ರೋಲರ್ ಜೋಡಿಸಿದರೆ ಪಿಎಸ್4 ಆಟಗಳು ಮಾತ್ರ ನಡೆಯುತ್ತವೆ. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಕೂಡ ಕಂಪನಿಯ ಪರವಾನಗಿ ಇಲ್ಲದ್ದನ್ನು ಒಪ್ಪುವುದಿಲ್ಲ. ಆದರೆ ಎಕ್ಸ್‌ಬಾಕ್ಸ್ ಒನ್ ಕಾಲದ ಕಂಟ್ರೋಲರ್ ಹೊಸ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್‌ನಲ್ಲೂ ನಡೆಯುತ್ತದೆ, ಇದು ಮೆಚ್ಚಬೇಕಾದ ಸಂಗತಿ. ಕಂಪ್ಯೂಟರ್ ಹೆಚ್ಚು ಕಡಿಮೆ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಮೊಬೈಲ್‌ನಲ್ಲಿ ಎಲ್ಲವೂ ಆಟದ ಮೇಲೆ ನಿಂತಿದೆ: ಕಾಲ್ ಆಫ್ ಡ್ಯೂಟಿ ಮೊಬೈಲ್ ಕಂಟ್ರೋಲರ್‌ಗೆ ಅವಕಾಶ ಕೊಡುತ್ತದೆ, ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಕೊಡುವುದಿಲ್ಲ. ಬಿಜಿಎಂಐ ಆಡುವುದಕ್ಕೆಂದೇ ಕಂಟ್ರೋಲರ್ ಹುಡುಕುತ್ತಿದ್ದರೆ ಆ ದುಡ್ಡು ಉಳಿಸಿಕೊಳ್ಳಿ.

ಎರಡನೆಯದು ಸ್ಟಿಕ್, ಅಂದರೆ ಹೆಬ್ಬೆರಳಿನ ಕೆಳಗೆ ಓಲಾಡುವ ಆ ಪುಟ್ಟ ಗುಬುಟು. ಮೂರನೆಯದು ಟ್ರಿಗರ್ (ತೋರುಬೆರಳಿನಿಂದ ಒತ್ತುವ ಗುಂಡಿ) ಮತ್ತು ಕಂಪನ. ನಾಲ್ಕನೆಯದು ಗೈರೊ, ಎಂದರೆ ಕಂಟ್ರೋಲರನ್ನು ಓರೆ ಮಾಡಿ ಗುರಿ ಇಡುವ ಅನುಕೂಲ. ಆಮೇಲೆ ಬ್ಯಾಟರಿ. ಕೊನೆಗೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬುದು. ನಿಮ್ಮ ಕೈಯ ಅಳತೆ ಮತ್ತು ಶಕ್ತಿ ಇವೆಲ್ಲದರ ಜೊತೆಗೆ ಬರುವ ಮಾತು. ಪಟ್ಟಿ ಉದ್ದವಾಗಿ ಕಂಡರೂ ನನ್ನ ಮಟ್ಟಿಗೆ ಅರ್ಧ ತೂಕ ಸ್ಟಿಕ್‌ನದು. ಏಕೆಂದು ವಿವರವಾಗಿ ಹೇಳುತ್ತೇನೆ.

ಆ ಕಪ್ಪು ಪುಡಿ

ಒಂದು ಸಂಜೆ ಆಟವನ್ನು ಹಾಗೇ ಬಿಟ್ಟು ಕಾಫಿ ತರಲು ಎದ್ದೆ. ಕಂಟ್ರೋಲರ್ ಟೀಪಾಯಿಯ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಲೋಟ ಹಿಡಿದು ವಾಪಸ್ ಬಂದರೆ, ಬಂಡೆಯ ತುದಿಯಲ್ಲಿ ನಿಲ್ಲಿಸಿಹೋಗಿದ್ದ ನನ್ನ ಪಾತ್ರಧಾರಿ ನಿದ್ದೆಗಣ್ಣಿನಲ್ಲಿ ನಡೆಯುವವನ ಹಾಗೆ ಎಡಕ್ಕೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ. ನೋಡನೋಡುತ್ತಿದ್ದಂತೆ ಕಣಿವೆಗೆ ಬಿದ್ದ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ: ಬೆರಳು ಇಲ್ಲದಿದ್ದರೂ ಸ್ಟಿಕ್ ತನ್ನನ್ನು ಯಾರೋ ತಳ್ಳುತ್ತಿದ್ದಾರೆ ಎಂದು ಯಂತ್ರಕ್ಕೆ ಹೇಳುತ್ತಿರುತ್ತದೆ. ಆ ಕಂಟ್ರೋಲರ್ ಕೊಂಡು ಒಂದು ವರ್ಷ ಮೂರು ತಿಂಗಳಾಗಿತ್ತು, ವಾರಂಟಿ ಮುಗಿದಿತ್ತು.

ಬಿಚ್ಚಿದೆ. ಸ್ಟಿಕ್‌ನ ಪಕ್ಕದಲ್ಲಿ ಹಸಿರು ಬಣ್ಣದ ಪುಟ್ಟ ಡಬ್ಬಿಗಳೆರಡು ಅಂಟಿಕೊಂಡಿರುತ್ತವೆ. ಒಂದರ ಮುಚ್ಚಳ ತೆಗೆದರೆ ಒಳಗೆ ಕುದುರೆಲಾಳದ ಆಕಾರದ ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಕೂದಲೆಳೆಯಷ್ಟು ಸಣ್ಣ ಲೋಹದ ನಾಲಿಗೆ. ಪಟ್ಟಿಯ ನಟ್ಟನಡುವೆ ಒಂದೇ ಜಾಗದಲ್ಲಿ ಸವೆದ ಗೆರೆ ಹೊಳೆಯುತ್ತಿತ್ತು. ತೋರುಬೆರಳು ಒತ್ತಿ ತೆಗೆದರೆ ಕಾಡಿಗೆಯಷ್ಟು ನುಣುಪಾದ ಕಪ್ಪು ಪುಡಿ ಬೆರಳಿಗೆ ಮೆತ್ತಿಕೊಂಡಿತು.

ಮನೆಯಲ್ಲಿ ಹಳೆಯ ರೇಡಿಯೊ ಇದ್ದವರಿಗೆ ಇದು ಹೊಸದಲ್ಲ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಒಂದು ಜಾಗದಲ್ಲಿ ಗರಗರ ಎಂದು, ದನಿ ಒಮ್ಮೆಲೇ ಏರಿ ಒಮ್ಮೆಲೇ ಇಳಿಯುತ್ತಿತ್ತಲ್ಲ, ಕಾರಣ ಇದೇ. ಒಳಗಿರುವುದು ಪೊಟೆನ್ಶಿಯೊಮೀಟರ್. ಲೋಹ ಇಂಗಾಲವನ್ನು ಉಜ್ಜುತ್ತದೆ, ಉಜ್ಜಿದ್ದು ಸವೆಯುತ್ತದೆ. ಸ್ಟಿಕ್ ಪ್ರತಿ ಸಲ ಮರಳಿ ಬಂದು ನಿಲ್ಲುವುದು ನಡುವೆಯೇ ಆದ್ದರಿಂದ ಸವೆತವೂ ಅಲ್ಲಿಯೇ ಹೆಚ್ಚು.

2021ರಲ್ಲಿ ಯಂತ್ರಗಳನ್ನು ಬಿಚ್ಚಿ ರಿಪೇರಿ ಕಲಿಸುವ ಐಫಿಕ್ಸಿಟ್ ತಂಡ ಡ್ಯುಯಲ್‌ಸೆನ್ಸ್ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಜಪಾನಿನ ಆಲ್ಪ್ಸ್ ಕಂಪನಿಯ ಮಾಡ್ಯೂಲ್, ಅಂದರೆ ಸ್ಟಿಕ್ ಮತ್ತು ಅದರ ಸೆನ್ಸರ್‌ಗಳು ಸೇರಿದ ಬಿಡಿಭಾಗ. ತಯಾರಕರೇ ಹೇಳಿರುವ ಅದರ ಆಯುಷ್ಯ 20 ಲಕ್ಷ ಸುತ್ತು. ಗುಂಡಿನ ಕಾಳಗದ ಆಟದಲ್ಲಿ ಹೆಬ್ಬೆರಳು ಎಷ್ಟು ಓಡಾಡುತ್ತದೆ ಎಂದು ಎಣಿಸಿ ಐಫಿಕ್ಸಿಟ್‌ನವರು ಹಾಕಿದ ಲೆಕ್ಕ 417 ಗಂಟೆ. ದಿನಕ್ಕೆ ಎರಡು ಗಂಟೆ ಆಡಿದರೆ ಸುಮಾರು ಏಳು ತಿಂಗಳು. ಏಳನೆಯ ತಿಂಗಳಿಗೆ ಕೆಟ್ಟೇ ಹೋಗುತ್ತದೆ ಎಂದೇನೂ ಇದರ ಅರ್ಥವಲ್ಲ, ನಾಲ್ಕು ವರ್ಷ ಬಾಳಿದವೂ ನನ್ನ ಪರಿಚಯದವರ ಮನೆಗಳಲ್ಲಿವೆ. ಮುಖ್ಯವಾದ ಮಾತು ಬೇರೆ. ಅದೇ ಜಾತಿಯ ಮಾಡ್ಯೂಲ್ ಪಿಎಸ್4ರ ಡ್ಯುಯಲ್‌ಶಾಕ್ 4ರಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ನಿಂಟೆಂಡೊ ಸ್ವಿಚ್ ಪ್ರೊ ಕಂಟ್ರೋಲರ್‌ನಲ್ಲೂ ಇದೆ. ಹೆಸರಾಂತ ಬ್ರಾಂಡಿಗೆ ಹೆಚ್ಚು ಬೆಲೆ ಕೊಟ್ಟರೆ ಸ್ಟಿಕ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಇದಕ್ಕೆ ಮದ್ದಾಗಿ ಬಂದಿರುವುದು ಅಯಸ್ಕಾಂತದ ಸ್ಟಿಕ್. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ, ವಿದ್ಯುತ್ ಹರಿಯುತ್ತಿರುವ ಲೋಹದ ಹಾಳೆಗೆ ಅಯಸ್ಕಾಂತವನ್ನು ಹಿಡಿದರೆ ಹಾಳೆಯ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂದು ಕಂಡುಕೊಂಡ. ಹಾಲ್ ಎಫೆಕ್ಟ್ ಎಂದರೆ ಇದೇ. ಸ್ಟಿಕ್‌ನ ಬುಡದಲ್ಲಿ ಅಯಸ್ಕಾಂತ, ಅದರ ಎದುರು ಸೆನ್ಸರ್, ನಡುವೆ ಖಾಲಿ ಜಾಗ. ಒಂದು ಇನ್ನೊಂದನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಸೆನ್ಸರ್ ಸವೆಯುವ ಪ್ರಶ್ನೆಯೂ ಇಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರ್‌ಗಳ ಆಕ್ಸಿಲರೇಟರ್‌ನೊಳಗೆ ಸಾಮಾನ್ಯವಾಗಿ ಇರುವುದೂ ಇದೇ ಸೆನ್ಸರ್. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್‌ನಲ್ಲೇ ಅಯಸ್ಕಾಂತದ ಸ್ಟಿಕ್ ಕೊಟ್ಟಿತ್ತು. ಎರಡು ದಶಕ ಕಳೆದ ಮೇಲೆ ಅದನ್ನು ಮತ್ತೆ ಹೊರತಂದು ಅಗ್ಗದ ದರಕ್ಕೆ ಇಳಿಸಿದವರು ಗುಲಿಕಿಟ್, 8ಬಿಟ್‌ಡು, ಗೇಮ್‌ಸರ್‌ನಂಥ ಚೀನಾದ ಕಂಪನಿಗಳು. ದೊಡ್ಡವರು ಕೈಬಿಟ್ಟ ಕೆಲಸವನ್ನು ಚಿಕ್ಕವರು ಮಾಡಿ ತೋರಿಸಿದ್ದು ನನಗೆ ಖುಷಿಯ ವಿಚಾರ.

ಟಿಎಂಆರ್ ಎಂಬುದು ಇದರ ತಮ್ಮ. ಹಾರ್ಡ್ ಡಿಸ್ಕ್‌ನ ಓದುವ ತಲೆಯಲ್ಲಿ ಬಹುಕಾಲದಿಂದ ಇರುವ ತಂತ್ರವನ್ನು ಇಲ್ಲಿ ಬಳಸಿದ್ದಾರೆ. ಹಾಲ್‌ಗಿಂತ ಕಡಿಮೆ ವಿದ್ಯುತ್ ಸಾಕು, ಸಣ್ಣ ಚಲನೆಯನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುತ್ತದೆ. ಬಾಳಿಕೆಯಲ್ಲಿ ಎರಡೂ ಒಂದೇ. ಮನೆಯಲ್ಲಿ ಆಡುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಕೈಗೆ ತಿಳಿಯುವುದು ಕಷ್ಟ. ಬೆಲೆ ಸಮವಾಗಿದ್ದರೆ ಟಿಎಂಆರ್ ತೆಗೆದುಕೊಳ್ಳಿ. ಸಾವಿರ ರೂಪಾಯಿ ಹೆಚ್ಚು ಕೇಳಿದರೆ ಹಾಲ್ ಸಾಕು.

ಎರಡು ಎಚ್ಚರಿಕೆ. ಅಯಸ್ಕಾಂತ ಸವೆಯದಿದ್ದರೂ ಸ್ಟಿಕ್ಕನ್ನು ನಡುವಿಗೆ ಎಳೆದು ತರುವ ಸ್ಪ್ರಿಂಗ್ ಸಡಿಲವಾಗಬಹುದು. ‘ಎಂದಿಗೂ ಕೆಡದು’ ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. ಇನ್ನು, ಡಬ್ಬಿಯ ಮೇಲೆ ‘ಹಾಲ್ ಎಫೆಕ್ಟ್’ ಎಂದಷ್ಟೇ ಬರೆದಿದ್ದರೆ ಅದು ಸ್ಟಿಕ್‌ಗೋ ಟ್ರಿಗರ್‌ಗೋ ಎಂದು ಕೇಳಿ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಟ್ರಿಗರ್‌ಗಳಲ್ಲಿ ಹಾಲ್ ಸೆನ್ಸರ್ ಎಕ್ಸ್‌ಬಾಕ್ಸ್ ಒನ್ ಕಾಲದಿಂದಲೂ ಇದೆ, ಸ್ಟಿಕ್ ಮಾತ್ರ ಇಂಗಾಲದ್ದೇ. ಕಡಿಮೆ ಬೆಲೆಯ ಕೆಲವು ಕಂಟ್ರೋಲರ್‌ಗಳು ಟ್ರಿಗರ್‌ನ ಹಾಲ್ ತೋರಿಸಿ ಸ್ಟಿಕ್‌ನ ಬಗ್ಗೆ ಸುಮ್ಮನಿರುತ್ತವೆ.

ಡ್ಯುಯಲ್‌ಸೆನ್ಸ್: ಕೈಗೆ ಮಾತು ಬಂದ ಹಾಗೆ

2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಬಿಡಿ ಡ್ಯುಯಲ್‌ಸೆನ್ಸ್‌ನ ಬೆಲೆ ₹5,990 ಇತ್ತು. ಈಗಲೂ ರಿಯಾಯಿತಿಯ ದಿನಗಳನ್ನು ಬಿಟ್ಟರೆ ಅದರ ಆಸುಪಾಸಿನಲ್ಲೇ ಇದೆ. ಸ್ಟಿಕ್ ಬಗ್ಗೆ ಇಷ್ಟು ಹೇಳಿದ ಮೇಲೂ ನ್ಯಾಯವಾಗಿ ಹೇಳಬೇಕಾದ್ದು: ಈ ಕಂಟ್ರೋಲರ್‌ನ ಕಂಪನಕ್ಕೆ ಸಾಟಿಯಾದದ್ದು ನಾನು ಕೈಯಲ್ಲಿ ಹಿಡಿದವುಗಳಲ್ಲಿ ಮತ್ತೊಂದಿಲ್ಲ.

ಹಳೆಯ ಕಂಟ್ರೋಲರ್‌ಗಳಲ್ಲಿ ಒಂದು ಬದಿಗೆ ಭಾರವಿರುವ ಚಕ್ರವನ್ನು ಮೋಟಾರು ಗಿರಗಿರ ತಿರುಗಿಸುತ್ತದೆ. ಬಾಂಬ್ ಸಿಡಿದರೂ ಗೋಡೆಗೆ ಡಿಕ್ಕಿ ಹೊಡೆದರೂ ಬರುವುದು ಅದೇ ಗುರ್ ಎಂಬ ನಡುಕ. ಡ್ಯುಯಲ್‌ಸೆನ್ಸ್‌ನಲ್ಲಿರುವುದು ಸ್ಪೀಕರ್‌ನ ಸುರುಳಿಯಂಥ ಸಾಧನ, ಎಡಕ್ಕೊಂದು ಬಲಕ್ಕೊಂದು. ಸ್ಪೀಕರ್ ಸದ್ದನ್ನು ನುಡಿಸುವ ಹಾಗೆ ಇದು ಸ್ಪರ್ಶವನ್ನು ನುಡಿಸುತ್ತದೆ. ಹ್ಯಾಪ್ಟಿಕ್ ಎನ್ನುವುದು ಇದಕ್ಕೇ. ಪಿಎಸ್5 ಜೊತೆಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ಆಟವನ್ನು ಹಾಕಿ, ಜೀವನದಲ್ಲಿ ಗೇಮ್ ಮುಟ್ಟದ ನನ್ನ ಅಮ್ಮನ ಕೈಗೆ ಕಂಟ್ರೋಲರ್ ಕೊಟ್ಟು ಕಣ್ಣು ಮುಚ್ಚಲು ಹೇಳಿದೆ. ಅವರ ಬೆರಳಿನ ಮೇಲೆ ನನ್ನ ಬೆರಳಿಟ್ಟು ಸ್ಟಿಕ್ ತಳ್ಳಿದೆ. ‘ಇದು ಮರಳು’ ಎಂದರು. ಎರಡು ಹೆಜ್ಜೆ ಮುಂದೆ ಹೋಗುತ್ತಲೇ, ‘ಈಗ ತಗಡಿನ ಮೇಲೆ ನಡೀತಿದ್ದಾನೆ’ ಎಂದರು. ಎರಡೂ ಸರಿಯಾಗಿತ್ತು. ಆಮೇಲೆ ಕಂಟ್ರೋಲರನ್ನು ತಿರುಗಿಸಿ ಮಗುಚಿ, ಸದ್ದು ಎಲ್ಲಿಂದ ಬಂತು ಎಂದು ಹುಡುಕುವವರ ಹಾಗೆ ನೋಡಿದರು.

ಅಡಾಪ್ಟಿವ್ ಟ್ರಿಗರ್ ಎಂದರೆ ಎಲ್2 ಮತ್ತು ಆರ್2 ಗುಂಡಿಗಳ ಹಿಂದೆ ಪುಟ್ಟ ಮೋಟಾರು, ಹಲ್ಲಿನ ಚಕ್ರ. ಆಟ ಬಯಸಿದಾಗ ಅವು ಬೆರಳಿಗೆ ಎದುರಾಗಿ ನಿಲ್ಲುತ್ತವೆ. ಬಿಲ್ಲಿನ ಹೆದೆ ಎಳೆದಂತೆಲ್ಲ ಬಿಗಿಯಾಗುತ್ತದೆ. ಗ್ರ್ಯಾನ್ ಟೂರಿಸ್ಮೊ 7ರಲ್ಲಿ ಬ್ರೇಕ್ ಒತ್ತಿದರೆ ಪೆಡಲ್‌ನ ಗಡಸು ಬೆರಳಿಗೆ ತಿಳಿಯುತ್ತದೆ. ರಿಟರ್ನಲ್ ಆಟವಂತೂ ಇದನ್ನು ಬುದ್ಧಿಯಿಂದ ಬಳಸಿದೆ: ಎಡ ಟ್ರಿಗರನ್ನು ಅರ್ಧ ಒತ್ತಿದರೆ ಗುರಿ, ನಡುವಿನ ತಡೆಯನ್ನು ದಾಟಿ ಪೂರ್ತಿ ಒತ್ತಿದರೆ ಇನ್ನೊಂದು ಅಸ್ತ್ರ. ಒಂದೇ ಗುಂಡಿಯಲ್ಲಿ ಎರಡು ಕೆಲಸ.

ಆದರೆ ಜನರ ಮೆಚ್ಚುಗೆ ಮೊದಲ ವಾರದಲ್ಲಿ ಇದ್ದಂತೆ ಮೂರನೆಯ ತಿಂಗಳಲ್ಲಿ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಎದುರಾಳಿಗಳೊಡನೆ ಗುಂಡಿನ ಕಾಳಗ ಆಡುವವರು ಟ್ರಿಗರ್‌ನ ತಡೆಯನ್ನು ಆಫ್ ಮಾಡುತ್ತಾರೆ, ಏಕೆಂದರೆ ಅಲ್ಲಿ ಕ್ಷಣಾರ್ಧದ ತಡವೂ ಸೋಲು. ಬೆರಳು ನೋಯುತ್ತದೆ ಎನ್ನುವವರೂ ಇದ್ದಾರೆ. ಪಿಎಸ್5ನ ಸೆಟ್ಟಿಂಗ್ಸ್‌ನಲ್ಲಿ ಕಂಪನ ಮತ್ತು ಟ್ರಿಗರ್ ಎರಡರ ಬಲವನ್ನೂ ಪ್ರತ್ಯೇಕವಾಗಿ ತಗ್ಗಿಸಬಹುದು, ಆರಿಸಲೂಬಹುದು. ನಿಧಾನವಾಗಿ, ಕಥೆ ಸವಿಯುತ್ತ ಒಬ್ಬರೇ ಆಡುವವರಿಗೆ ಇದು ಆಟದ ಒಂದು ಭಾಗವೇ ಆಗಿಬಿಡುತ್ತದೆ. ಸ್ಪರ್ಧೆಗೆ ಇಳಿಯುವವರಿಗೆ ಇದು ಬಳಸದ ಗುಣ.

ಕಂಪ್ಯೂಟರ್‌ಗೆ ಡ್ಯುಯಲ್‌ಸೆನ್ಸ್ ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ಬಹುತೇಕ ಆಟಗಳಲ್ಲಿ ಆ ನವಿರಾದ ಕಂಪನ ಮತ್ತು ಟ್ರಿಗರ್ ತಡೆ ಸಿಗುವುದು ಯುಎಸ್‌ಬಿ ಕೇಬಲ್ ಹಾಕಿದಾಗ ಮಾತ್ರ. ಅದೂ ಆ ಆಟ ಅದನ್ನು ಬೆಂಬಲಿಸಿದರೆ. ಬ್ಲೂಟೂತ್‌ನಲ್ಲಿ ಅದು ಮಾಮೂಲಿ ಕಂಟ್ರೋಲರ್. ಆರು ಸಾವಿರ ಕೊಟ್ಟದ್ದರ ಅರ್ಧ ಲಾಭ ಅಲ್ಲಿಯೇ ಹೋಯಿತು. ಒಳಗಿನ 1,560 ಎಂಎಎಚ್ ಬ್ಯಾಟರಿಯೂ ಎರಡು ಮೂರು ಸಂಜೆಗೆ ಖಾಲಿ. ಗೈರೊ ಇದೆ, ಚೆನ್ನಾಗಿಯೂ ಇದೆ.

ಎಕ್ಸ್‌ಬಾಕ್ಸ್ ಕಂಟ್ರೋಲರ್: ಹಳೆಯ ಗಟ್ಟಿಗ

ಇದರಲ್ಲಿ ಬೆರಗು ಹುಟ್ಟಿಸುವಂಥದ್ದು ಕಡಿಮೆ. ಅಡಾಪ್ಟಿವ್ ಟ್ರಿಗರ್ ಇಲ್ಲ, ಗೈರೊ ಇಲ್ಲ. ಟ್ರಿಗರ್‌ಗಳೊಳಗೆ ಪುಟ್ಟ ಕಂಪನದ ಮೋಟಾರುಗಳಿವೆ, ಕಾರ್ ರೇಸಿನಲ್ಲಿ ಚಕ್ರ ಜಾರಿದ್ದು ಬೆರಳ ತುದಿಗೆ ಗೊತ್ತಾಗುತ್ತದೆ. ಆದರೂ ವಿಂಡೋಸ್ ಕಂಪ್ಯೂಟರ್‌ಗೆ ಕಂಟ್ರೋಲರ್ ಎಂದರೆ ಬಹಳ ಜನ ಇದನ್ನೇ ಹೇಳುತ್ತಾರೆ, ಕಾರಣವಿದೆ. ಜೋಡಿಸಿದ ಕೂಡಲೇ ಕೆಲಸ ಮಾಡುತ್ತದೆ. ಆಟದ ತೆರೆಯ ಮೇಲೆ ತೋರುವ ಎ, ಬಿ, ಎಕ್ಸ್, ವೈ ಅಕ್ಷರಗಳು ಕೈಯಲ್ಲಿರುವ ಗುಂಡಿಗಳಿಗೆ ಹೊಂದುತ್ತವೆ. ದೊಡ್ಡ ಅಂಗೈಗೂ ಚಿಕ್ಕ ಅಂಗೈಗೂ ಒಗ್ಗುವ ಆಕಾರ.

ಇದಕ್ಕೆ ಎರಡು ಎಎ ಸೆಲ್ ಹಾಕಬೇಕು ಎಂಬುದನ್ನು ಕೊರತೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೈಕ್ರೋಸಾಫ್ಟ್ ಹೇಳುವ ಪ್ರಕಾರ 40 ಗಂಟೆಯವರೆಗೆ ಬಾಳುತ್ತವೆ. ರೀಚಾರ್ಜ್ ಮಾಡಬಹುದಾದ ನಾಲ್ಕು ಸೆಲ್ ಇಟ್ಟುಕೊಂಡರೆ ಎರಡು ಒಳಗೆ, ಎರಡು ಚಾರ್ಜರ್‌ನಲ್ಲಿ. ನಾಲ್ಕು ವರ್ಷದ ನಂತರ ಸೆಲ್ ಸೊರಗಿದರೆ ಹೊಸ ಜೋಡಿ ಹಾಕಿದರಾಯಿತು. ಒಳಗೇ ಬ್ಯಾಟರಿ ಇರುವ ಕಂಟ್ರೋಲರ್‌ಗಳಲ್ಲಿ ಅದಕ್ಕಾಗಿ ಇಡೀ ಮೈ ಬಿಚ್ಚಬೇಕಾಗುತ್ತದೆ.

ಡ್ರಿಫ್ಟ್ ಭಯ ಮಾತ್ರ ಇಲ್ಲೂ ಅಷ್ಟೇ.

ಅಯಸ್ಕಾಂತದ ಸ್ಟಿಕ್ ಇರುವ ಬೇರೆ ಬ್ರಾಂಡುಗಳು

ಹಾಸ್ಟೆಲ್ ಹುಡುಗನಿಗೆ ನಾನು ಹೇಳಿದ್ದು ಇಲ್ಲಿಂದ ಆರಿಸು ಎಂದು. ಎರಡರಿಂದ ಐದು ಸಾವಿರದೊಳಗೆ ಈಗ ಸಾಕಷ್ಟು ಆಯ್ಕೆಗಳಿವೆ. 8ಬಿಟ್‌ಡು ಅಲ್ಟಿಮೇಟ್ 2ಸಿ ಹಾಲ್ ಸ್ಟಿಕ್ ಇರುವ, ಕಂಪ್ಯೂಟರ್ ಬಳಕೆದಾರರ ಮೆಚ್ಚಿನ ಮಾದರಿ. ಗೇಮ್‌ಸರ್ ಜಿ7 ಎಸ್‌ಇ ಕೇಬಲ್‌ನದು, ಆದರೆ ಎಕ್ಸ್‌ಬಾಕ್ಸ್ ಪರವಾನಗಿ ಇದೆ. ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರ್ ಎರಡೂ ಇರುವವರು ಕೇಬಲ್‌ಗೆ ಬೇಸರಿಸದಿದ್ದರೆ ಕೊಟ್ಟ ಹಣಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಗೇಮ್‌ಸರ್ ಸೈಕ್ಲೋನ್ 2 ಮತ್ತು 8ಬಿಟ್‌ಡು ಅಲ್ಟಿಮೇಟ್ 2ರಲ್ಲಿ ಟಿಎಂಆರ್ ಇದೆ. ಕಾಸ್ಮಿಕ್ ಬೈಟ್‌ನಂಥ ಭಾರತದ ಬ್ರಾಂಡೂ ಹಾಲ್ ಎಫೆಕ್ಟ್ ಕಂಟ್ರೋಲರ್ ಮಾರುತ್ತಿದೆ.

ಇಲ್ಲಿ ಬಿಟ್ಟುಕೊಡಬೇಕಾದದ್ದೂ ಇದೆ. ಇವು ಪಿಎಸ್5 ಆಟಗಳಿಗೆ ನೇರವಾಗಿ ಹೊಂದುವುದಿಲ್ಲ. ಕಂಪನ ಹಳೆಯ ಮೋಟಾರಿನದೇ. ಬ್ರಾಂಡ್ ಹೊಸದಾದಷ್ಟೂ ಕೆಟ್ಟಾಗ ಯಾರನ್ನು ಕೇಳುವುದು ಎಂಬ ಪ್ರಶ್ನೆ ದೊಡ್ಡದಾಗುತ್ತದೆ. ಭಾರತದಲ್ಲಿ ಅಧಿಕೃತ ವಿತರಕರಿದ್ದಾರೆಯೇ, ವಾರಂಟಿ ಕಾರ್ಡಿನಲ್ಲಿ ಇಲ್ಲಿನ ವಿಳಾಸವಿದೆಯೇ ಎಂದು ನೋಡಿ. ಇನ್ನೊಂದು ಸೂಕ್ಷ್ಮ: ಇವುಗಳಲ್ಲಿ ಹಲವಕ್ಕೆ ಗೈರೊ ಇದ್ದರೂ, ಕಂಪ್ಯೂಟರ್‌ಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಂತೆ ಜೋಡಿಸಿದಾಗ ಅದು ಕೆಲಸ ಮಾಡುವುದಿಲ್ಲ, ಏಕೆಂದರೆ ವಿಂಡೋಸ್‌ನ ಎಕ್ಸ್‌ಇನ್‌ಪುಟ್ ವ್ಯವಸ್ಥೆಯಲ್ಲಿ ಗೈರೊಗೆ ಜಾಗವೇ ಇಲ್ಲ. ನಿಂಟೆಂಡೊ ಸ್ವಿಚ್ ಮೋಡ್‌ಗೆ ಬದಲಿಸಿ ಸ್ಟೀಮ್ ಎಂಬ ಗೇಮ್ ಅಂಗಡಿಯ ತಂತ್ರಾಂಶದ ಮೂಲಕ ಆಡಿದರೆ ಗೈರೊ ಸಿಗುತ್ತದೆ.

ಗೈರೊ ಅಷ್ಟು ಮುಖ್ಯವೇ ಎಂದು ಕೇಳಬಹುದು. ಸ್ಟಿಕ್‌ನಿಂದ ಗುರಿ ಇಡುವುದು ಬಾವಿಯೊಳಗಿನ ಕೊಡಕ್ಕೆ ಹಗ್ಗದ ಕೊಕ್ಕೆ ಸಿಕ್ಕಿಸಿದಂತೆ, ಹತ್ತಿರ ಹೋಗುವುದು ಸುಲಭ, ಕೊನೆಯ ಅಂಗುಲ ಕಷ್ಟ. ಆ ಕೊನೆಯ ಅಂಗುಲಕ್ಕೆ ಮಣಿಕಟ್ಟಿನ ಸಣ್ಣ ಓರೆ ಬಹಳ ನೆರವಾಗುತ್ತದೆ. ಮೂರು ನಾಲ್ಕು ದಿನ ಅಭ್ಯಾಸ ಬೇಕು, ಅಲ್ಲಿಯವರೆಗೆ ಕೈಬಿಡಬೇಡಿ.

ಕೆಟ್ಟದ್ದನ್ನೇ ಸರಿಮಾಡಿಸುವುದು

ಮಗಳಿಗೆ ಪಿಎಸ್5 ಕೊಡಿಸಿದ ತಂದೆಗೆ ಪಿಎಸ್5 ಆಟಗಳಿಗಾಗಿ ಡ್ಯುಯಲ್‌ಸೆನ್ಸ್ ಬಿಟ್ಟು ಬೇರೆ ದಾರಿ ಹೆಚ್ಚಿಲ್ಲ. ಆದ್ದರಿಂದ ಅವರಿಗೆ ನಾನು ಹೇಳಿದ್ದು ಈ ಮೂರನೆಯ ದಾರಿ. ಡ್ಯುಯಲ್‌ಸೆನ್ಸ್ ಈಗ ಕೊಳ್ಳಿ, ವಾರಂಟಿ ಇರುವವರೆಗೆ ಬಿಚ್ಚಬೇಡಿ. ಮುಂದೆ ಡ್ರಿಫ್ಟ್ ಬಂದರೆ ಹೊಸದನ್ನು ಕೊಳ್ಳುವ ಬದಲು ಸ್ಟಿಕ್ ಮಾಡ್ಯೂಲ್ ಮಾತ್ರ ಹಾಲ್ ಅಥವಾ ಟಿಎಂಆರ್‌ಗೆ ಬದಲಿಸಿಕೊಳ್ಳಿ. ಗುಲಿಕಿಟ್‌ನಂಥವರು ಅಳತೆಗೆ ಸರಿಹೊಂದುವ ಮಾಡ್ಯೂಲ್ ಮಾರುತ್ತಾರೆ. ಅಮ್ಮನಿಗೆ ಮರಳು ತಿಳಿಸಿದ ಆ ಕಂಪನವೂ ಉಳಿಯುತ್ತದೆ, ಸ್ಟಿಕ್ಕೂ ಬಾಳುತ್ತದೆ.

ಕೆಲಸ ಮಾತ್ರ ನಾಜೂಕಿನದು. ಒಂದೊಂದು ಮಾಡ್ಯೂಲ್‌ಗೆ 14 ಬೆಸುಗೆ. ಅಷ್ಟರಿಂದಲೂ ತವರವನ್ನು ಹೀರಿ ತೆಗೆಯದೆ ಮಾಡ್ಯೂಲ್ ಅಲುಗುವುದಿಲ್ಲ. ಅವಸರದಲ್ಲಿ ಎಳೆದರೆ ಬೋರ್ಡಿನ ತಾಮ್ರದ ಗೆರೆಯೇ ಕಿತ್ತು ಬರುತ್ತದೆ. ಮೊಬೈಲ್ ರಿಪೇರಿಯಲ್ಲಿ ಕೈ ಪಳಗಿದವರಿಂದ ಮಾಡಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಥವರು ಸಿಗುತ್ತಾರೆ. ಒಪ್ಪಿಸುವ ಮೊದಲು ಒಂದು ಪ್ರಶ್ನೆ ಕೇಳಿ: ‘ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಕೊಡುತ್ತೀರಾ?’ ಹೊಸ ಮಾಡ್ಯೂಲ್‌ನ ನಡುಬಿಂದು ಎಲ್ಲಿದೆ ಎಂದು ಕಂಟ್ರೋಲರ್‌ಗೆ ಕಲಿಸದಿದ್ದರೆ ಸ್ಟಿಕ್ ಹೊಸದಾಗಿದ್ದರೂ ಡ್ರಿಫ್ಟ್ ಹಾಗೇ ಕಾಣುತ್ತದೆ. ಪ್ರಶ್ನೆ ಅರ್ಥವಾಗದವರ ಕೈಗೆ ಕೊಡಬೇಡಿ.

2023ರ ಜನವರಿಯಲ್ಲಿ ಬಂದ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಸ್ಟಿಕ್ ಮಾಡ್ಯೂಲನ್ನು ಬೆಸುಗೆ ಇಲ್ಲದೆ ಕೈಯಲ್ಲೇ ಎಳೆದು ಬದಲಿಸಬಹುದು. ಒಳ್ಳೆಯ ಯೋಚನೆ, ಆದರೆ ಅಮೆರಿಕದಲ್ಲಿ ಸುಮಾರು 200 ಡಾಲರ್ ಬೆಲೆಯ ಆ ಕಂಟ್ರೋಲರ್‌ನ ಒಳಗೂ ಅದೇ ಇಂಗಾಲದ ಪಟ್ಟಿ. ಮನೆಬಳಕೆಗೆ ನಾನು ಸಲಹೆ ಮಾಡುವುದಿಲ್ಲ.

ನಿಂಟೆಂಡೊ ಬಗ್ಗೆ ಎರಡು ಮಾತು ಸಾಕು. ಸ್ವಿಚ್ ಜೊತೆ ಬರುವ ಪುಟ್ಟ ಕಂಟ್ರೋಲರ್‌ಗಳಾದ ಅವರ ಮೊದಲ ಜಾಯ್-ಕಾನ್‌ಗಳ ಡ್ರಿಫ್ಟ್ ಎಷ್ಟು ಕುಖ್ಯಾತವಾಯಿತೆಂದರೆ 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಷೇರುದಾರರ ಸಭೆಯಲ್ಲಿ ಕ್ಷಮೆ ಕೇಳಬೇಕಾಯಿತು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಜಾಯ್-ಕಾನ್‌ಗಳನ್ನು ಮೇಜಿನ ಮೇಲೆ ಮಗ್ಗುಲಾಗಿಟ್ಟು ಮೌಸ್‌ನಂತೆ ಬಳಸಬಹುದು, ಸೊಗಸಾದ ಕಲ್ಪನೆ. ಆದರೆ ಅದರಲ್ಲೂ ಹಾಲ್ ಎಫೆಕ್ಟ್ ಸ್ಟಿಕ್ ಇಲ್ಲ. ಭಾರತದಲ್ಲಿ ನಿಂಟೆಂಡೊದ ಅಧಿಕೃತ ಮಾರಾಟ ಇಲ್ಲದ್ದರಿಂದ ಕೆಟ್ಟರೆ ಹೊಣೆ ನಿಮ್ಮದೇ.

ಕೈಗೆ ತಕ್ಕ ಕಂಟ್ರೋಲರ್

ನನ್ನ ಸಹೋದ್ಯೋಗಿಯ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಟ್ಟೆ. ಹತ್ತು ವರ್ಷದಲ್ಲಿ ಈ ಕ್ಷೇತ್ರದಲ್ಲಿ ಆದ ಅತ್ಯುತ್ತಮ ಕೆಲಸ ಇಲ್ಲಿಯೇ ಆಗಿದೆ ಎಂಬುದು ನನ್ನ ಅಭಿಪ್ರಾಯ. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಅಂಗೈ ಅಗಲದ ಎರಡು ದೊಡ್ಡ ಗುಂಡಿಗಳು, ಹಿಂಬದಿಯಲ್ಲಿ ಸಾಲಾಗಿ 19 ಜ್ಯಾಕ್‌ಗಳು. ಒಂದೊಂದು ಜ್ಯಾಕ್‌ಗೂ ಒಂದೊಂದು ಗುಂಡಿಯ ಕೆಲಸ. ಕಾಲಲ್ಲಿ ಒತ್ತುವ ಪೆಡಲ್, ಮೊಣಕೈಗೆ ಸಿಗುವ ಸ್ವಿಚ್, ಏನನ್ನಾದರೂ ಸಿಕ್ಕಿಸಬಹುದು. ಕಂಪ್ಯೂಟರ್‌ಗೂ ಆಗುತ್ತದೆ. ಸೋನಿಯ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರ್‌ನಲ್ಲಿ ಬಂತು. ತಟ್ಟೆಯಂತೆ ದುಂಡಗಿದೆ, ಸುತ್ತ ಗುಂಡಿಗಳು, ಅವುಗಳ ಮುಚ್ಚಳವನ್ನು ಕೈಗೆ ಒಗ್ಗುವ ಆಕಾರಕ್ಕೆ ಬದಲಿಸಬಹುದು. ಇದು ಪಿಎಸ್5ಗೆ ಮಾತ್ರ. ಎರಡು ಆಕ್ಸೆಸ್ ಮತ್ತು ಒಂದು ಡ್ಯುಯಲ್‌ಸೆನ್ಸ್ ಸೇರಿಸಿ ಒಂದೇ ಕಂಟ್ರೋಲರ್‌ನಂತೆ ಬಳಸಲು ಬರುತ್ತದೆ.

ಆದರೆ ಅವರಿಗೆ ಏನನ್ನೂ ಕೊಳ್ಳಬೇಡಿ ಎಂದೆ, ಕನಿಷ್ಠ ಒಂದು ವಾರ. ಪಿಎಸ್5ನಲ್ಲಿ ಎರಡನೆಯ ಕಂಟ್ರೋಲರನ್ನು ಸಹಾಯಕವಾಗಿ ಜೋಡಿಸುವ ಸೌಲಭ್ಯ 2023ರಿಂದ ಇದೆ, ಎಕ್ಸ್‌ಬಾಕ್ಸ್‌ನಲ್ಲಿ ಅದಕ್ಕೂ ಮೊದಲಿನಿಂದ ಇದೆ. ಎರಡು ಕಂಟ್ರೋಲರ್‌ಗಳು ಒಂದೇ ಪಾತ್ರವನ್ನು ಆಡಿಸುತ್ತವೆ. ಟ್ರಿಗರ್ ತಡೆಯನ್ನು ಪೂರ್ತಿ ಆರಿಸಿ, ಬಲಗೈಯ ಗುಂಡಿಗಳನ್ನು ಎಡಕ್ಕೆ ಬದಲಿಸಿ, ಗುರಿ ಇಡುವ ಕೆಲಸವನ್ನು ಆಟ ಒಪ್ಪಿದಲ್ಲಿ ಗೈರೊಗೆ ಬಿಟ್ಟು ನೋಡಿ ಎಂದೆ. ಅವರು ಒಂದು ಕಂಟ್ರೋಲರನ್ನು ಎಡಗೈಯಲ್ಲಿ ಹಿಡಿದು ಇನ್ನೊಂದನ್ನು ತೊಡೆಯ ಮೇಲಿಟ್ಟು ಬಲಗೈಯ ಬುಡದಿಂದ ಒತ್ತಲು ಕಲಿತರು. ಈಗ ಅವರಿಗೆ ಬೇಕಿರುವುದು ದೊಡ್ಡ ಗುಂಡಿ ಎರಡೇ ಎಂಬುದು ಅವರಿಗೇ ಸ್ಪಷ್ಟವಾಗಿದೆ.

ಮನೆಗೆ ತಂದ ದಿನವೇ

ಯಾವುದನ್ನೇ ಕೊಂಡರೂ ಅದೇ ಸಂಜೆ ಹತ್ತು ನಿಮಿಷ ತೆಗೆದಿಡಿ. ಕಂಪ್ಯೂಟರ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಎಂದು ಹುಡುಕಿದರೆ ಉಚಿತ ಪರೀಕ್ಷಾ ಪುಟಗಳು ಸಿಗುತ್ತವೆ. ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ಎರಡು ಸ್ಟಿಕ್‌ಗಳ ಅಂಕಿಗಳೂ ಸೊನ್ನೆಯ ಹತ್ತಿರವೇ ನಿಂತಿರಬೇಕು. 0.05ರೊಳಗಿನ ಸಣ್ಣ ಅಲುಗಾಟ ಸಹಜ, 0.1 ದಾಟಿದರೆ ಅನುಮಾನಿಸಿ. ಸ್ಟಿಕ್ಕನ್ನು ಒಂದೊಂದು ದಿಕ್ಕಿಗೆ ತಳ್ಳಿ, ಥಟ್ಟನೆ ಬಿಡಿ, ಪ್ರತಿ ಸಲವೂ ಅದೇ ಜಾಗಕ್ಕೆ ಮರಳುತ್ತದೆಯೇ ನೋಡಿ. ಅಂಚಿನ ಗುಂಟ ನಿಧಾನವಾಗಿ ಸುತ್ತಿಸಿ. ಟ್ರಿಗರನ್ನು ಮೆಲ್ಲಗೆ ಒತ್ತಿದಾಗ ಅಂಕಿ ನೆಗೆಯದೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಪರದೆಯ ಚಿತ್ರವೊಂದನ್ನು ತೆಗೆದು ಬಿಲ್ಲಿನ ಫೋಟೊ ಜೊತೆ ಮೊಬೈಲ್‌ನಲ್ಲಿ ಉಳಿಸಿ, ಕಾಗದದ ಬಿಲ್ಲನ್ನು ಡಬ್ಬಿಯೊಳಗೇ ಇಡಿ. ವಾಪಸ್ ಕೊಡುವ ಗಡುವು ಮುಗಿಯುವ ಹಿಂದಿನ ದಿನ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.